ರಕ್ಷಕರ ಉಸಿರು ಕಾಯ್ದ ಹಾಲ್ಡೇನ್

ಜಮಖಂಡಿ: ಮುಧೋಳ, ಬೀಳಗಿ ಭಾಗದ ಸಕ್ಕರೆ ಕಾರ್ಖಾನೆಯ ತೊಟ್ಟಿಯಿರಲಿ, ರಬಕವಿ-ಬನಹಟ್ಟಿಯ ನೂಲಿನ ಗೋದಾಮಿರಲಿ, ಹೊಗೆ, ವಿಷಾನಿಲ ತುಂಬಿದೆಡೆ ರಕ್ಷಣೆಗಿಳಿಯುವವರಿಗೆ ಉಸಿರಾಟದ ಉಪಕರಣವೇ ಆಸರೆ. ಅದರ ಸುರಕ್ಷಿತ ಬಳಕೆಗೆ ಶಾಸ್ತ್ರೀಯ ತಳಹದಿ ಹಾಕಿದವರಲ್ಲಿ ಬ್ರಿಟಿಷ್ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಪ್ರಮುಖರು.

1860ರಲ್ಲಿ ಎಡಿನ್‌ಬರೋದಲ್ಲಿ ಜನಿಸಿದ ಅವರು, ಗಣಿ ಸ್ಫೋಟಗಳಲ್ಲಿ ಹೆಚ್ಚಿನವರು ಬಲಿಯಾಗುವುದು ಬೆಂಕಿಗಲ್ಲ, ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಎಂಬುದನ್ನು 1896ರಲ್ಲಿ ತೋರಿಸಿಕೊಟ್ಟರು. ಆ ಅನಿಲವನ್ನು ತಾವೇ ಉಸಿರಾಡಿ ಪರಿಣಾಮ ದಾಖಲಿಸಿದರು.

1914ರಲ್ಲಿ ಗಣಿ ರಕ್ಷಕರ ಉಪಕರಣಗಳನ್ನು ಪರಿಶೀಲಿಸಿ, ಸೋರಿಕೆ ಹಾಗೂ ಆಮ್ಲಜನಕದ ಕೊರತೆ ಧರಿಸಿದವರನ್ನೇ ಕೊಲ್ಲಬಲ್ಲವೆಂದು ಎಚ್ಚರಿಸಿದರು. ಎಷ್ಟೋ ವೇಳೆ ಪ್ರಜ್ಞೆ ತಪ್ಪುವವರೆಗೂ ಆ ಕೊರತೆ ಅರಿವಿಗೇ ಬಾರದು. ಆದ್ದರಿಂದಲೇ ಮುಖಗವಸಿನ ಬಿಗಿ, ಸಿಲಿಂಡರಿನ ಒತ್ತಡಗಳ ಪರೀಕ್ಷೆ ಇಂದಿಗೂ ತರಬೇತಿಯ ತಪ್ಪದ ಪಾಠ.

1936ರಲ್ಲಿ ಹಾಲ್ಡೇನ್ ನಿಧನರಾದರು. ರಕ್ಷಕನ ಉಸಿರು ಉಳಿದರಷ್ಟೇ ಇನ್ನೊಬ್ಬರ ಪ್ರಾಣ ಉಳಿದೀತೆಂಬುದೇ ಅವರ ದುಡಿಮೆಯ ಸಾರ.