ಏಡಿ ಚಿಪ್ಪಿನಿಂದ ರಕ್ತದವರೆಗೆ: ಹೊಪ್ಪೆ-ಸೈಲರ್

ಹಿಮೋಗ್ಲೋಬಿನ್ ಅನ್ನೋ ಪದವನ್ನು ನಾವೆಲ್ಲ ಹೈಸ್ಕೂಲಿನಲ್ಲೇ ಬಾಯಿಪಾಠ ಮಾಡಿದವರು. 1864ರಲ್ಲಿ ಆ ಹೆಸರಿಟ್ಟವರು ಯಾರು ಅಂತ ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತೇವೆ. ಅವರೇ ಜರ್ಮನಿಯ ಫೆಲಿಕ್ಸ್ ಹೊಪ್ಪೆ-ಸೈಲರ್.

1825ರಲ್ಲಿ ಹುಟ್ಟಿದ ಫೆಲಿಕ್ಸ್ ಹೊಪ್ಪೆ ಚಿಕ್ಕಂದಿನಲ್ಲೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡರು. ಸಾಕಿದ್ದು ಅಕ್ಕ ಮತ್ತು ಭಾವ. ಆ ಭಾವನ ಮನೆತನದ ಹೆಸರೇ ಸೈಲರ್. ಮುಂದೆ ಅದೂ ಇವರ ಹೆಸರಿಗೆ ಸೇರಿಕೊಂಡಿತು.

ಓದಿದ್ದು ವೈದ್ಯಕೀಯ, ಮನಸ್ಸು ಹೋದದ್ದು ಕೆಮಿಸ್ಟ್ರಿ ಕಡೆಗೆ. ಟ್ಯೂಬಿಂಗೆನ್ ಊರಿನ ಹಳೇ ಕೋಟೆಯೊಳಗೆ ಅವರ ಲ್ಯಾಬ್. 1869ರಲ್ಲಿ ಅಲ್ಲಿ ಮೀಷರ್ ಎಂಬ ಯುವಕ, ಆಸ್ಪತ್ರೆಯಿಂದ ತಂದ ಕೀವು ಹತ್ತಿದ ಬ್ಯಾಂಡೇಜುಗಳಿಂದ ಹೊಸ ವಸ್ತುವೊಂದನ್ನು ಬೇರ್ಪಡಿಸಿದ. ಅದೇ ಇಂದಿನ ಡಿಎನ್‌ಎ! ಗುರುಗಳು ಮಾತ್ರ ತಕ್ಷಣ ಅಚ್ಚಿಗೆ ಕೊಡಲಿಲ್ಲ. ತಾವೇ ಪ್ರಯೋಗ ಮಾಡಿ ನೋಡಿ, ಸರಿ ಅಂತ ಖಾತ್ರಿಯಾದ ಮೇಲೇ 1871ರಲ್ಲಿ ಪ್ರಕಟಿಸಿದರು. ಪಕ್ಕದ ಬ್ಯಾಚಿನ ರೀಡಿಂಗ್ ನೋಡಿ ರೆಕಾರ್ಡ್ ಬರೆಯೋ ನಮಗೆ ಇದು ಸ್ವಲ್ಪ ಚುಚ್ಚುತ್ತೆ, ಅಲ್ವಾ?

1894ರಲ್ಲಿ, ಎಪ್ಪತ್ತರ ಹತ್ತಿರ, ಅವರ ಕೈಗೆ ಬಂದದ್ದು ಏಡಿ, ಚೇಳುಗಳ ಚಿಪ್ಪು. ಚಿಪ್ಪಿನಲ್ಲಿರೋ ಕೈಟಿನ್ ನೀರಿಗೂ ಕರಗಲ್ಲ, ವಿನೆಗರ್‌ಗೂ ಕರಗಲ್ಲ. ಅದನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಜೊತೆ 180 ಡಿಗ್ರಿಗೆ ಕಾಯಿಸಿದರು. ಬಂದ ವಸ್ತು ತೆಳು ಅಸಿಟಿಕ್ ಆಮ್ಲದಲ್ಲಿ ಕರಗಿತು. ಫ್ರಾನ್ಸಿನ ರೂಜೆ 1859ರಲ್ಲೇ ಇಂಥದ್ದನ್ನು ಕಂಡಿದ್ದರು. ಕೈಟೋಸಾನ್ ಅಂತ ಹೆಸರಿಟ್ಟವರು ಹೊಪ್ಪೆ-ಸೈಲರ್. ಮರುವರ್ಷವೇ ತೀರಿಕೊಂಡರು. ಅದರ ಉಪಯೋಗ ನೋಡೋ ಭಾಗ್ಯ ಅವರಿಗಿರಲಿಲ್ಲ.

ಉಪಯೋಗ ಏನು ಅಂತೀರಾ? ಕ್ಷಾರದಲ್ಲಿ ಕಾಯಿಸಿದಾಗ ಕೈಟಿನ್‌ನ ಅಸಿಟೈಲ್ ಗುಂಪುಗಳು ಕಳಚಿ, ಅಮೈನ್ ಗುಂಪುಗಳು ಉಳಿಯುತ್ತವೆ. ಆಮ್ಲದಲ್ಲಿ ಅವು ಧನ ಆವೇಶ ಪಡೆಯುತ್ತವೆ. ರಾಡಿ ನೀರಿನ ಋಣ ಆವೇಶದ ಕಣಗಳನ್ನು ಸೆಳೆದು ತಳಕ್ಕೆ ಇಳಿಸೋದು ಹೀಗೇ. ಕೆಂಪು ರಕ್ತಕಣಗಳ ಮೇಲ್ಮೈಯಲ್ಲೂ ಋಣ ಆವೇಶ ಇದೆ. ಹಾಗಾಗಿ ಕೈಟೋಸಾನ್ ಬ್ಯಾಂಡೇಜನ್ನು ಗಾಯಕ್ಕೆ ಒತ್ತಿದರೆ ಕಣಗಳು ಅದಕ್ಕೆ ಅಂಟಿ, ಗುಂಪುಗಟ್ಟಿ, ರಕ್ತ ಸೋರೋದು ನಿಲ್ಲುತ್ತೆ. ಯುದ್ಧಭೂಮಿಯಲ್ಲಿ ಗಾಯಗೊಂಡ ಸೈನಿಕರಿಗೂ ಇದನ್ನು ಬಳಸಿದ್ದಾರೆ.

ಆ ಕಣಗಳೊಳಗೆ ತುಂಬಿರೋದು ಹಿಮೋಗ್ಲೋಬಿನ್. ಮೂವತ್ತು ವರ್ಷ ಅಂತರದಲ್ಲಿ ಒಬ್ಬರೇ ಹೆಸರಿಟ್ಟ ಎರಡು ವಸ್ತುಗಳು, ಅವರು ಹೋದ ಎಷ್ಟೋ ವರ್ಷಗಳ ಮೇಲೆ, ಒಂದು ಬ್ಯಾಂಡೇಜಿನ ಮೇಲೆ ಭೇಟಿಯಾದವು.