ಜಕಾರ್ಡ್‌ಗೆ ಪಿಂಚಣಿ ಸಿಕ್ಕಿತು, ನೇಕಾರರಿಗೆ ಕೂಲಿ ಸಿಗಲಿಲ್ಲ

ಕಂಪ್ಯೂಟರ್ ಇತಿಹಾಸ ಹೇಳುವ ಪುಸ್ತಕಗಳಲ್ಲಿ ಜೋಸೆಫ್ ಮರಿ ಜಕಾರ್ಡ್‌ಗೆ ಒಂದು ಪ್ಯಾರಾ ಕಾಯಂ. ತೂತು ಹಾಕಿದ ರಟ್ಟಿನ ಕಾರ್ಡುಗಳಿಂದ ಮಗ್ಗ ನಡೆಸಿದ, ಅದನ್ನು ನೋಡಿ ಬ್ಯಾಬೇಜ್‌ಗೆ ಯೋಚನೆ ಹೊಳೆಯಿತು, ಮುಂದೆ ಕಂಪ್ಯೂಟರ್ ಬಂತು. ಇಂಜಿನಿಯರಿಂಗ್ ಓದುವಾಗ ನನಗೆ ಸಿಕ್ಕ ಜಕಾರ್ಡ್ ಕೂಡ ಇಷ್ಟೇ, ಎರಡು ಮಾರ್ಕಿನ ಮನುಷ್ಯ. ಫ್ಯಾಕ್ಟರಿಯಿಂದ ಗೋದಾಮಿನವರೆಗೆ ಎಲ್ಲವೂ ಡಿಜಿಟಲ್ ಆಗ್ತಿದೆ ಅಂತ ದಿನಾ ಕೇಳುವ ಈ ಹೊತ್ತಲ್ಲಿ ಆತನ ಬದುಕನ್ನು, ಆತನ ಊರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು ಅನ್ನಿಸುತ್ತೆ.

ಜಕಾರ್ಡ್ ಹುಟ್ಟಿದ್ದು 1752ರಲ್ಲಿ, ಫ್ರಾನ್ಸಿನ ರೇಷ್ಮೆ ನಗರ ಲಿಯಾನ್‌ನಲ್ಲಿ. ಅಪ್ಪ ಸ್ವಂತ ಮಗ್ಗಗಳಿದ್ದ ನೇಕಾರ. ಅಮ್ಮನದು ಚಿತ್ತಾರ ಓದುವ ಕೆಲಸ, ಅಂದರೆ ಕಾಗದದ ಮೇಲಿನ ಡಿಸೈನನ್ನು ಮಗ್ಗದ ಹಗ್ಗಗಳ ಲೆಕ್ಕಕ್ಕೆ ಇಳಿಸುವುದು. ಇವತ್ತಿನ ಮಾತಲ್ಲಿ ಹೇಳೋದಾದ್ರೆ ಆಕೆ ಪ್ರೋಗ್ರಾಮರ್. ಇತಿಹಾಸದ ಆ ಒಂದು ಪ್ಯಾರಾದಲ್ಲಿ ಆಕೆಗೆ ಜಾಗ ಇಲ್ಲ ಬಿಡಿ.

ಅಪ್ಪ ತೀರಿಕೊಂಡ ಮೇಲೆ ಬಂದ ಆಸ್ತಿಯನ್ನು ಜಕಾರ್ಡ್ ಉಳಿಸಿಕೊಳ್ಳಲಿಲ್ಲ, ಸಾಲ ಮಾಡಿಕೊಂಡ. 1793ರಲ್ಲಿ ಕ್ರಾಂತಿಯ ಸೈನ್ಯ ಲಿಯಾನ್‌ಗೆ ಮುತ್ತಿಗೆ ಹಾಕಿದಾಗ ಮಗನ ಜೊತೆ ಊರು ಬಿಟ್ಟು, ಆಮೇಲೆ ಅದೇ ಕ್ರಾಂತಿಯ ಸೈನ್ಯ ಸೇರಿದ. ಮಗ ಯುದ್ಧದಲ್ಲಿ ಸತ್ತ. ಐವತ್ತರ ಹತ್ತಿರ ಬರುವವರೆಗೂ ಜಕಾರ್ಡ್ ಹೆಸರು ಯಾರಿಗೂ ಗೊತ್ತಿರಲಿಲ್ಲ.

ಆತ ಕೈಹಾಕಿದ ಸಮಸ್ಯೆ ಹಳೆಯದು. ಹೂವಿನ ಚಿತ್ತಾರದ ರೇಷ್ಮೆ ನೇಯಬೇಕಾದರೆ ಪ್ರತಿ ಸಲ ಲಾಳಿ ಹಾಯುವ ಮುಂಚೆ ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಅನ್ನೋದು ತೀರ್ಮಾನ ಆಗಬೇಕು. ಎಳೆಗಳಿಗೆ ಕಟ್ಟಿದ ಹಗ್ಗ ಎಳೆಯುವುದಕ್ಕೆ ಇನ್ನೊಬ್ಬ ಆಳು, ಎಷ್ಟೋ ಕಡೆ ಮಕ್ಕಳು. ಇದನ್ನು ತೂತುಗಳಿಂದ ಮಾಡಿಸಬಹುದು ಅನ್ನೋದು ಜಕಾರ್ಡ್‌ನ ಯೋಚನೆಯೂ ಅಲ್ಲ. 1725ರಲ್ಲಿ ಬೂಶೋಂ ತೂತಿನ ಕಾಗದ ಬಳಸಿದ್ದ, ಫಾಲ್ಕೋಂ ಅದನ್ನು ಕಾರ್ಡು ಮಾಡಿದ, 1745ರಲ್ಲಿ ವೋಕಾಂಸೋಂ ತಾನಾಗೇ ನಡೆಯುವ ಮಗ್ಗ ಕಟ್ಟಿದ್ದ. ಪ್ಯಾರಿಸ್‌ನಲ್ಲಿ ಮೂಲೆ ಸೇರಿದ್ದ ವೋಕಾಂಸೋಂನ ಯಂತ್ರವನ್ನು ನೋಡಿ, ಇದೆಲ್ಲವನ್ನೂ ಒಟ್ಟು ಸೇರಿಸಿದ್ದು ಜಕಾರ್ಡ್. ಅದು 1804. ಆಮೇಲೂ ಯಂತ್ರ ಸರಾಗವಾಗಿ ನಡೆಯೋಕೆ ಬ್ರೆಟೋಂ ಅನ್ನೋ ಇನ್ನೊಬ್ಬ ಕುಶಲಕರ್ಮಿಯ ರಿಪೇರಿ ಬೇಕಾಯ್ತು. ಒಬ್ಬನೇ ಜೀನಿಯಸ್ ಕಥೆಗಳೆಲ್ಲ ಹೀಗೇ.

ಕಾರ್ಡಿನಲ್ಲಿ ತೂತಿದ್ದರೆ ಸೂಜಿ ಒಳಹೋಗುತ್ತೆ, ಕೊಕ್ಕೆ ಎಳೆಯನ್ನು ಎತ್ತುತ್ತೆ. ತೂತಿಲ್ಲದಿದ್ದರೆ ಇಲ್ಲ. ಒಂದು ಅಥವಾ ಸೊನ್ನೆ. ಆದರೆ ನನ್ನ ಪ್ರಕಾರ ದೊಡ್ಡ ಬದಲಾವಣೆ ಅದಲ್ಲ. ಅಲ್ಲಿಯವರೆಗೆ ಚಿತ್ತಾರ ಇರುತ್ತಿದ್ದದ್ದು ಮಗ್ಗದ ಹಗ್ಗದಲ್ಲಿ, ನೇಯುವವರ ಕೈಯಲ್ಲಿ. ಹೊಸ ಡಿಸೈನ್ ಕಟ್ಟೋಕೆ ವಾರಗಟ್ಟಲೆ ಹಿಡಿಯುತ್ತಿತ್ತು. ಈಗ ಅದು ಒಂದು ಕಟ್ಟು ಕಾರ್ಡಿಗೆ ಬಂತು. ಬಿಚ್ಚಿ ಬೇರೆ ಹಾಕಬಹುದು, ನಕಲು ಮಾಡಬಹುದು, ಇನ್ನೊಂದು ಮನೆಯ ಮಗ್ಗಕ್ಕೆ ಕಳಿಸಬಹುದು. ಫ್ಯಾಷನ್ ಬದಲಾದ ಹಾಗೆ ಆರ್ಡರ್ ಬದಲಾಯಿಸುವ ಶಕ್ತಿ ರೇಷ್ಮೆ ವ್ಯಾಪಾರಿಗೆ ಬಂತು.

1805ರಲ್ಲಿ ನೆಪೋಲಿಯನ್ ಲಿಯಾನ್‌ಗೆ ಬಂದ. ಮುಂದಿನ ವರ್ಷ ಜಕಾರ್ಡ್‌ಗೆ ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿ ಗೊತ್ತಾಯಿತು, ಆವಿಷ್ಕಾರ ನಗರದ ಸ್ವತ್ತಾಯಿತು. ನೇಕಾರರು ಸಿಟ್ಟಾಗಿ ಮಗ್ಗವನ್ನು ಚೌಕದಲ್ಲಿ ಸುಟ್ಟರು ಅನ್ನೋ ಕಥೆ ಎಲ್ಲ ಕಡೆ ಓಡಾಡುತ್ತೆ. ಈ ಕಥೆ ಜನಪ್ರಿಯ ಯಾಕಂದ್ರೆ ಅದರಲ್ಲಿ ಕಾರ್ಮಿಕ ಪೆದ್ದ, ಪ್ರಗತಿ ವಿರೋಧಿ. ಆದರೆ ಲಿಯಾನ್‌ನ ನೇಕಾರರು, ಅಲ್ಲಿನವರ ಮಾತಲ್ಲಿ ಕನ್ಯೂಗಳು, ಆ ಯಂತ್ರವನ್ನು ಮನೆಗೇ ತಂದುಕೊಂಡರು. ಜಕಾರ್ಡ್ ಮಗ್ಗ ಎತ್ತರ. ಅದಕ್ಕಾಗಿಯೇ ಕ್ರ್ವಾ-ರೂಸ್ ಗುಡ್ಡದ ಮೇಲೆ ನಾಲ್ಕು ಮೀಟರ್ ಎತ್ತರದ ಕೋಣೆಗಳ ಮನೆಗಳು ಎದ್ದವು. ಇವತ್ತೂ ಅವು ಇವೆ, ಬಾಡಿಗೆ ಮಾತ್ರ ನೇಕಾರರು ಕೊಡುವಷ್ಟಿಲ್ಲ.

ವ್ಯವಸ್ಥೆ ಹೇಗಿತ್ತು ನೋಡಿ. ಮಗ್ಗ ನೇಕಾರನದು, ಮನೆ ನೇಕಾರನ ಹೊಣೆ, ಮಗ್ಗ ಕೊಂಡ ಸಾಲವೂ ಅವನದೇ. ರೇಷ್ಮೆ, ಡಿಸೈನ್, ಆರ್ಡರ್, ಮಾರುಕಟ್ಟೆ ವ್ಯಾಪಾರಿಯದು. ಕೂಲಿ ನೇಯ್ದಷ್ಟಕ್ಕೆ. ಬೇಡಿಕೆ ಕುಸಿದರೆ ವ್ಯಾಪಾರಿಗೆ ನಿಂತ ಮಗ್ಗದ ಖರ್ಚಿಲ್ಲ. ಸ್ವಂತ ಬೈಕು, ಸ್ವಂತ ಪೆಟ್ರೋಲು, ಆರ್ಡರ್ ಮಾತ್ರ ಆ್ಯಪಿನದು ಅನ್ನೋ ಡೆಲಿವರಿ ಹುಡುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1831ರ ಅಕ್ಟೋಬರ್‌ನಲ್ಲಿ ನೇಕಾರರು ಕೇಳಿದ್ದು ಯಂತ್ರ ತೆಗೀರಿ ಅಂತಲ್ಲ, ಕನಿಷ್ಠ ದರಪಟ್ಟಿ ಮಾಡಿ ಅಂತ. ಆಡಳಿತಾಧಿಕಾರಿ ಬೂವಿಯೇ-ದ್ಯುಮೋಲಾರ್ ಎರಡೂ ಕಡೆಯವರನ್ನು ಕೂರಿಸಿ ಪಟ್ಟಿ ಮಾಡಿಸಿದ. ನೂರಕ್ಕೂ ಹೆಚ್ಚು ವ್ಯಾಪಾರಿಗಳು ಒಪ್ಪಲ್ಲ ಅಂದರು. ಮಾರುಕಟ್ಟೆಯ ಸ್ವಾತಂತ್ರ್ಯಕ್ಕೆ ಧಕ್ಕೆ ಅನ್ನೋದು ಅವರ ವಾದ, ಪ್ಯಾರಿಸ್ ಸರ್ಕಾರದ್ದೂ ಅದೇ. ನವೆಂಬರ್ 21ರಂದು ನೇಕಾರರು ಗುಡ್ಡದಿಂದ ಇಳಿದರು, ಎರಡೇ ದಿನದಲ್ಲಿ ಊರು ಅವರ ಕೈಗೆ ಬಂತು. ಡಿಸೆಂಬರ್ ಮೊದಲಲ್ಲಿ ಸುಮಾರು 20,000 ಸೈನಿಕರು ಬಂದರು. ದರಪಟ್ಟಿ ರದ್ದಾಯಿತು, ಅದನ್ನು ಮಾಡಿಸಿದ ಅಧಿಕಾರಿಯೂ ಕೆಲಸ ಕಳಕೊಂಡ. 1834ರ ಏಪ್ರಿಲ್‌ನಲ್ಲಿ ಮತ್ತೆ ದಂಗೆ, ಬೀದಿಗಳಲ್ಲಿ ನೂರಾರು ಹೆಣ.

ಅದಾಗಿ ನಾಲ್ಕು ತಿಂಗಳಿಗೆ, ಆಗಸ್ಟ್ 7ರಂದು, ಲಿಯಾನ್ ಪಕ್ಕದ ಊಲಾಂನಲ್ಲಿ ಜಕಾರ್ಡ್ ತೀರಿಕೊಂಡ. 1839ರಲ್ಲಿ ಆತನದೇ ಭಾವಚಿತ್ರವನ್ನು 24,000 ಕಾರ್ಡ್ ಬಳಸಿ ರೇಷ್ಮೆಯಲ್ಲಿ ನೇಯ್ದರು. ಒಂದು ಪ್ರತಿ ಬ್ಯಾಬೇಜ್ ಮನೆಯಲ್ಲಿತ್ತು. 1840ರಲ್ಲಿ ಲಿಯಾನ್‌ನಲ್ಲಿ ಪ್ರತಿಮೆ ನಿಂತಿತು.

ನಮ್ಮ ದೊಡ್ಡಬಳ್ಳಾಪುರದಲ್ಲಿ ಜಕಾರ್ಡ್ ಅಂದ್ರೆ ಮನುಷ್ಯನ ಹೆಸರಲ್ಲ, ಮಗ್ಗದ ಮೇಲೆ ಕೂತಿರುವ ಯಂತ್ರ. ರಟ್ಟಿನ ಕಾರ್ಡಿನ ಕಾಲ ಅಲ್ಲೂ ಮುಗೀತಾ ಬಂದಿದೆ. 1983ರಲ್ಲಿ ಮಿಲಾನ್ ಮೇಳದಲ್ಲಿ ಬೋನಾಸ್ ಕಂಪನಿ ತೋರಿಸಿದ ಎಲೆಕ್ಟ್ರಾನಿಕ್ ಜಕಾರ್ಡ್‌ನಲ್ಲಿ ಕಾರ್ಡೇ ಇಲ್ಲ, ಬರೀ ಫೈಲು. ಇದನ್ನು ಹಾಕಿಸಿಕೊಳ್ಳೋಕೆ ನಮ್ಮಲ್ಲಿ ಸರ್ಕಾರದ ಸಹಾಯಧನವೂ ಇದೆ. ನಾನು ಅದನ್ನು ಬೇಡ ಅನ್ನುವವನಲ್ಲ, ಭಾರದ ಕಾರ್ಡಿನ ಸರಪಳಿ ಹೊತ್ತು ಏರಿಸುವ ಕಷ್ಟ ಯಾರಿಗೂ ಬೇಡ. ಆದರೆ ಕಾರ್ಡು ಪಂಚ್ ಮಾಡುತ್ತಿದ್ದವರ ಕೆಲಸ ಅದರ ಜೊತೆಗೇ ಹೋಗುತ್ತೆ. ಫೈಲಿಗೆ ಊರಿನ ಗಡಿಯೂ ಇಲ್ಲ. ಇಲ್ಲಿನ ಸೀರೆಯ ಒಂದು ಫೋಟೋ ಸಾಕು, ಸೂರತ್‌ನ ವೇಗದ ರೇಪಿಯರ್ ಮಗ್ಗಗಳಲ್ಲಿ ಅದರ ನಕಲು ತಯಾರಾಗಿ ಕಡಿಮೆ ಬೆಲೆಗೆ ಬರುತ್ತೆ ಅನ್ನೋದು ದೊಡ್ಡಬಳ್ಳಾಪುರದವರ ದೂರು. ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಯಜಮಾನ ಆ ನಷ್ಟವನ್ನು ತಾನೇ ನುಂಗುವುದಿಲ್ಲ, ಕೂಲಿ ನೇಕಾರನ ದರದಲ್ಲಿ ಕಳೆಯುತ್ತಾನೆ. ಮಗ್ಗಕ್ಕೆ ಸಹಾಯಧನ ಕೊಡುವ ಸರ್ಕಾರವನ್ನು ಕೂಲಿಯ ದರಪಟ್ಟಿ ಎಲ್ಲಿ ಅಂತ ಕೇಳಬೇಕಿರೋದು ಇಲ್ಲೇ.