ಆನರ್ಸ್ ಪದವಿಯಿಂದ ದೇಶದ ಲೆಕ್ಕದವರೆಗೆ: ಡಾ. ವಿ.ಕೆ.ಆರ್.ವಿ. ರಾವ್

ಜುಲೈ ತಿಂಗಳು ಬಂತೆಂದರೆ ಮುಂಬಯಿ, ಪುಣೆ, ದೆಹಲಿಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಕಾಲೇಜು ಪ್ರವೇಶದ ಮಾತೇ ಮಾತು. ಹನ್ನೆರಡನೆಯ ತರಗತಿಯನ್ನು ಒಳ್ಳೆಯ ಅಂಕಗಳೊಡನೆ ಮುಗಿಸಿದ ಮಕ್ಕಳಲ್ಲಿ ಹಲವರು ಇಂದು ಎಂಜಿನಿಯರಿಂಗ್, ವೈದ್ಯಕೀಯಗಳನ್ನು ಬದಿಗಿಟ್ಟು ಅರ್ಥಶಾಸ್ತ್ರದ ಆನರ್ಸ್ ಪದವಿಯನ್ನು ಅರಸುತ್ತಾರೆ. ಈ ಪದವಿ ನಮ್ಮ ದೇಶದ ನೆಲದಲ್ಲಿಯೇ ಉತ್ತಮ ಮಟ್ಟದಲ್ಲಿ ದೊರೆಯುವಂತಾಗಲು ಶ್ರಮಿಸಿದವರಲ್ಲಿ ಅಗ್ರಗಣ್ಯರು ಡಾ. ವಿ.ಕೆ.ಆರ್.ವಿ. ರಾವ್. ಜುಲೈ ಅವರು ಹುಟ್ಟಿದ ತಿಂಗಳೂ ಹೌದು, ನಮ್ಮನ್ನು ಅಗಲಿದ ತಿಂಗಳೂ ಹೌದು. ಈ ಸಂದರ್ಭದಲ್ಲಿ ಅವರ ಬದುಕನ್ನು ನಮ್ಮ ಓದುಗರಿಗೆ ಪರಿಚಯಿಸುವುದು ಉಚಿತವೆಂದು ಭಾವಿಸಿದ್ದೇವೆ.

ವಿಜಯೇಂದ್ರ ಕಸ್ತೂರಿರಂಗ ವರದರಾಜ ರಾವ್ ಅವರು 1908ರ ಜುಲೈ 8ರಂದು ಕಾಂಚೀಪುರದಲ್ಲಿ ಜನಿಸಿದರು. ಬಾಲ್ಯದ ಶಿಕ್ಷಣ ತಮಿಳು ನಾಡಿನಲ್ಲಿ ನಡೆಯಿತು. ಉನ್ನತ ವ್ಯಾಸಂಗಕ್ಕೆ ಅವರು ಆರಿಸಿಕೊಂಡದ್ದು ಮುಂಬಯಿಯನ್ನು. ಮುಂಬಯಿ ವಿಶ್ವವಿದ್ಯಾನಿಲಯದಿಂದ ಅರ್ಥಶಾಸ್ತ್ರದಲ್ಲಿ ಬಿ.ಎ. ಹಾಗೂ ಎಂ.ಎ. ಪದವಿಗಳನ್ನು ಪಡೆದ ಬಳಿಕ ಅವರು ಇಂಗ್ಲೆಂಡಿನ ಕೇಂಬ್ರಿಜ್‌ಗೆ ತೆರಳಿದರು.

ಇಲ್ಲಿ ಒಂದು ಸಂಗತಿಯನ್ನು ನಾವು ವಿಶೇಷವಾಗಿ ಗಮನಿಸಬೇಕು. ಎಂ.ಎ. ಮುಗಿಸಿದ್ದ ಈ ತರುಣ ಕೇಂಬ್ರಿಜ್‌ನಲ್ಲಿ ಮತ್ತೆ ಬಿ.ಎ. ವಿದ್ಯಾರ್ಥಿಯಾಗಿ ಕುಳಿತರು. ಅಲ್ಲಿನ ಆನರ್ಸ್ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಆಲ್ಫ್ರೆಡ್ ಮಾರ್ಷಲ್ ಅವರ ಪ್ರಯತ್ನದಿಂದ 1903ರಲ್ಲಿ ಅರ್ಥಶಾಸ್ತ್ರಕ್ಕೆ ಪ್ರತ್ಯೇಕ ಟ್ರೈಪಾಸ್ ಏರ್ಪಟ್ಟಿತ್ತು. ಅದುವರೆಗೆ ಇತರ ಶಾಸ್ತ್ರಗಳ ಒಂದು ಅಂಗವಾಗಿ ಓದಲಾಗುತ್ತಿದ್ದ ವಿಷಯ, ಅಂದಿನಿಂದ ತನ್ನ ಕಾಲ ಮೇಲೆ ತಾನು ನಿಂತಿತು. ಪಡೆದ ಪದವಿಯನ್ನು ಬದಿಗಿಟ್ಟು ಬುನಾದಿಯಿಂದ ಮತ್ತೊಮ್ಮೆ ಕಲಿಯುವುದು ಸುಲಭದ ನಿರ್ಧಾರವಲ್ಲ. ರಾವ್ ಅವರು 1932ರಲ್ಲಿ ಆ ಪದವಿಯನ್ನು ಪಡೆದರು.

ಅವರು ಕೇಂಬ್ರಿಜ್‌ನಲ್ಲಿ ಓದಿದ ವರ್ಷಗಳು ಅರ್ಥಶಾಸ್ತ್ರದ ಇತಿಹಾಸದಲ್ಲಿಯೇ ಅಪೂರ್ವವಾದವು. 1929ರ ಮಹಾ ಕುಸಿತದ ಬಳಿಕ ಬ್ರಿಟನ್ನಿನಲ್ಲಿ ಕಾರ್ಖಾನೆಗಳು ಮುಚ್ಚಿ, ಲಕ್ಷಾಂತರ ಕಾರ್ಮಿಕರು ನಿರುದ್ಯೋಗಿಗಳಾಗಿದ್ದರು. ಹಳೆಯ ಸಿದ್ಧಾಂತಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಜಾನ್ ಮೇನಾರ್ಡ್ ಕೇನ್ಸ್ ಹಾಗೂ ಅವರ ಸುತ್ತಲಿನ ತರುಣ ವಿದ್ವಾಂಸರು ಹೊಸ ಚಿಂತನೆಯಲ್ಲಿ ತೊಡಗಿದ್ದರು. ಸರ್ಕಾರ ಒಂದು ಪೌಂಡ್ ವೆಚ್ಚ ಮಾಡಿದರೆ ಅದು ಕೈಯಿಂದ ಕೈಗೆ ಸಾಗಿ ಒಂದು ಪೌಂಡಿಗಿಂತ ಹೆಚ್ಚಿನ ಆದಾಯವನ್ನು ಹುಟ್ಟಿಸುತ್ತದೆ ಎಂಬ ಗುಣಕ ಸಿದ್ಧಾಂತವನ್ನು ರಿಚರ್ಡ್ ಕಾನ್ ಅವರು 1931ರಲ್ಲಿ ಪ್ರಕಟಿಸಿದರು. ಈ ವಿಚಾರಮಂಥನ ನಡೆಯುತ್ತಿದ್ದ ಊರಿನಲ್ಲಿಯೇ, ಕೇನ್ಸ್ ಅವರ ಶಿಷ್ಯವರ್ಗದಲ್ಲಿ ಒಬ್ಬರಾಗಿ ನಮ್ಮ ರಾವ್ ಅವರಿದ್ದರು.

ಆದರೆ ಸಂಶೋಧನೆಗೆ ಅವರು ಆರಿಸಿಕೊಂಡದ್ದು ಈ ಹೊಸ ಸಿದ್ಧಾಂತವನ್ನಲ್ಲ, ತಮ್ಮ ದೇಶದ ಬಡತನದ ಲೆಕ್ಕವನ್ನು. ಭಾರತದ ಜನರ ಒಟ್ಟು ಆದಾಯ ಎಷ್ಟು? ತಲಾ ಎಷ್ಟು? ಈ ಪ್ರಶ್ನೆಗೆ ರಾಜಕೀಯ ಮಹತ್ವವಿತ್ತು. ದಾದಾಭಾಯಿ ನವರೋಜಿಯವರು 1867-68ರ ಅವಧಿಗೆ ತಲಾ ಆದಾಯ ವರ್ಷಕ್ಕೆ 20 ರೂಪಾಯಿ ಎಂದು ಅಂದಾಜು ಮಾಡಿದ್ದರು. ಆಮೇಲೆ ಬಂದ ಅಂದಾಜುಗಳಲ್ಲಿ ಬ್ರಿಟಿಷ್ ಅಧಿಕಾರಿಗಳ ಅಂಕಿ ಒಂದು, ರಾಷ್ಟ್ರೀಯವಾದಿಗಳ ಅಂಕಿ ಇನ್ನೊಂದು. ಆಳ್ವಿಕೆಯಿಂದ ದೇಶ ಬೆಳೆದಿದೆಯೆಂದು ಒಬ್ಬರು, ಸೊರಗಿದೆಯೆಂದು ಇನ್ನೊಬ್ಬರು ವಾದಿಸುತ್ತಿದ್ದ ಕಾಲವದು. ಯಾರ ಪರವೂ ವಾಲದೆ, ಪರೀಕ್ಷೆಗೆ ನಿಲ್ಲುವಂತಹ ಲೆಕ್ಕವೊಂದು ಬೇಕಾಗಿತ್ತು.

ಅಂತಹ ಲೆಕ್ಕ ಎಷ್ಟು ಕಠಿಣವೆಂಬುದನ್ನು ಊಹಿಸಿಕೊಳ್ಳೋಣ. ರೈತನು ಬೆಳೆದುದರಲ್ಲಿ ದೊಡ್ಡ ಪಾಲು ಸಂತೆಗೆ ಬಾರದೆ ಮನೆಯಲ್ಲಿಯೇ ಊಟಕ್ಕೆ ಸಲ್ಲುತ್ತಿತ್ತು. ಬೆಳೆಯ ಅಂಕಿಗಳು ಹಳ್ಳಿಯ ಶಾನುಭೋಗರು, ಪಟವಾರಿಗಳು ಕಣ್ಣಳತೆಯಿಂದ ಬರೆದವು. ಚಮ್ಮಾರ, ಕುಂಬಾರ, ನೇಕಾರರ ಗಳಿಕೆಗೆ ಪುಸ್ತಕವೇ ಇರಲಿಲ್ಲ. ರಾವ್ ಅವರು ಈ ಸಮಸ್ಯೆಯನ್ನು ಎರಡು ಭಾಗ ಮಾಡಿದರು. ಬೇಸಾಯ, ಪಶುಸಂಪತ್ತು, ಅರಣ್ಯ, ಮೀನುಗಾರಿಕೆ, ಗಣಿ ಇವುಗಳಿಗೆ ಉತ್ಪನ್ನದ ಮೌಲ್ಯವನ್ನು ಎಣಿಸಿದರು. ಕೈಗಾರಿಕೆ, ವ್ಯಾಪಾರ, ಸಾರಿಗೆ, ಸರ್ಕಾರಿ ಸೇವೆ ಹಾಗೂ ಇತರ ವೃತ್ತಿಗಳಿಗೆ ಜನರ ಆದಾಯವನ್ನು ಎಣಿಸಿದರು. ಬ್ರಿಟನ್ನಿನ ರಾಷ್ಟ್ರೀಯ ಆದಾಯವನ್ನು ಲೆಕ್ಕ ಹಾಕಿ ಹೆಸರಾಗಿದ್ದ ಕಾಲಿನ್ ಕ್ಲಾರ್ಕ್ ಅವರು ಈ ಕಾರ್ಯದಲ್ಲಿ ಮಾರ್ಗದರ್ಶಕರಾಗಿದ್ದರು.

ಈ ಸಂಶೋಧನೆಗೆ 1937ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಪಿಎಚ್.ಡಿ. ಪದವಿ ನೀಡಿತು, 1940ರಲ್ಲಿ ಅದು ಪುಸ್ತಕವಾಗಿ ಹೊರಬಂದಿತು. 1931-32ರಲ್ಲಿ ಬ್ರಿಟಿಷ್ ಭಾರತದ ಪ್ರಜೆಯೊಬ್ಬನ ಸರಾಸರಿ ವಾರ್ಷಿಕ ಆದಾಯ ಸುಮಾರು 62 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿಗಿಂತ ತುಸು ಹೆಚ್ಚು ಎಂದು ಅವರು ತೋರಿಸಿಕೊಟ್ಟರು. ನಗರದವನ ಸರಾಸರಿ ಆದಾಯ ಹಳ್ಳಿಯವನ ಸರಾಸರಿಯ ಮೂರು ಪಟ್ಟಿಗೂ ಹೆಚ್ಚು ಎಂಬುದೂ ಅದೇ ಲೆಕ್ಕದಿಂದ ಬೆಳಕಿಗೆ ಬಂದಿತು. ತಮ್ಮ ಅಂದಾಜಿನಲ್ಲಿ ಎಷ್ಟು ತಪ್ಪಿರಬಹುದು ಎಂಬುದನ್ನೂ ಅವರು ಮುಚ್ಚುಮರೆಯಿಲ್ಲದೆ ದಾಖಲಿಸಿದರು. ಈ ಪ್ರಾಮಾಣಿಕತೆಯಿಂದಲೇ ಆ ಗ್ರಂಥ ಇಂದಿಗೂ ಮಾನ್ಯವಾಗಿದೆ. ಸ್ವಾತಂತ್ರ್ಯಾನಂತರ 1949ರಲ್ಲಿ ಸರ್ಕಾರ ಪಿ.ಸಿ. ಮಹಾಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ಆದಾಯ ಸಮಿತಿಯನ್ನು ನೇಮಿಸಿದಾಗ ಡಿ.ಆರ್. ಗಾಡ್ಗೀಳರೊಡನೆ ರಾವ್ ಅವರೂ ಅದರ ಸದಸ್ಯರಾದರು. ಇಂದು ನಾವು ವಾರ್ತೆಗಳಲ್ಲಿ ಕೇಳುವ ಒಟ್ಟು ದೇಶೀಯ ಉತ್ಪನ್ನದ ಅಂಕಿಗಳ ಹಿಂದೆ ಈ ಪರಂಪರೆಯಿದೆ.

ಸ್ವದೇಶಕ್ಕೆ ಮರಳಿದ ರಾವ್ ಅವರು ಅಹಮದಾಬಾದಿನಲ್ಲಿ ಕಾಲೇಜಿನ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿ, 1942ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕರಾದರು. ಆಗ ಅಲ್ಲಿನ ಕುಲಪತಿಗಳಾಗಿದ್ದ ಸರ್ ಮಾರಿಸ್ ಗ್ವೈಯರ್ ಅವರು ಮೂರು ವರ್ಷದ ಪದವಿ ವ್ಯಾಸಂಗವನ್ನು ಜಾರಿಗೆ ತಂದು ಆ ಸಣ್ಣ ವಿಶ್ವವಿದ್ಯಾನಿಲಯಕ್ಕೆ ಹೊಸ ರೂಪ ಕೊಡುತ್ತಿದ್ದರು. ಯುದ್ಧಕಾಲದಲ್ಲಿ ಆಹಾರ ಇಲಾಖೆಯಲ್ಲಿಯೂ, ಬಳಿಕ ವಾಷಿಂಗ್ಟನ್ನಿನಲ್ಲಿಯೂ ಸರ್ಕಾರದ ಕಾರ್ಯ ನಿರ್ವಹಿಸಿ ಹಿಂದಿರುಗಿದ ರಾವ್ ಅವರ ಮನಸ್ಸಿನಲ್ಲಿ ಒಂದೇ ಸಂಕಲ್ಪವಿತ್ತು. ತಾವು ಸಮುದ್ರ ದಾಟಿ ಪಡೆದ ಶಿಕ್ಷಣ ಮುಂದಿನ ಪೀಳಿಗೆಗೆ ಇಲ್ಲಿಯೇ ದೊರೆಯಬೇಕು ಎಂಬುದೇ ಆ ಸಂಕಲ್ಪ.

ಅದರ ಫಲವೇ 1949ರಲ್ಲಿ ಸ್ಥಾಪನೆಯಾದ ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್. ಪ್ರಧಾನಿ ಜವಾಹರಲಾಲ್ ನೆಹರೂ ಅವರ ಬೆಂಬಲ ಅದಕ್ಕಿತ್ತು. ಅಲ್ಲಿನ ಗ್ರಂಥಾಲಯ ರತನ್ ಟಾಟಾ ಅವರ ಹೆಸರನ್ನು ಹೊತ್ತಿದೆ. ಕೆ.ಎನ್. ರಾಜ್, ಜಗದೀಶ ಭಗವತಿ, ಅಮರ್ತ್ಯ ಸೇನ್, ಸುಖಮಯ ಚಕ್ರವರ್ತಿ, ಮನಮೋಹನ್ ಸಿಂಗ್ ಮೊದಲಾದವರು ಮುಂದೆ ಅಲ್ಲಿ ಬೋಧಿಸಿದರು. ತಮಗಿಂತ ಕಿರಿಯರಾದ ಪ್ರತಿಭಾವಂತರಿಗೆ ನೆಲೆಯಾಗುವಂತಹ ಸಂಸ್ಥೆಯನ್ನು ಕಟ್ಟುವುದು ಹಿರಿಯ ಗುಣವೆಂದು ನಾವು ತಿಳಿಯುತ್ತೇವೆ.

ಇದೇ ಕಾಲದಲ್ಲಿ ಅವರು ತಾವು ಕಲಿತ ಸಿದ್ಧಾಂತವನ್ನೇ ಪ್ರಶ್ನಿಸಿದರು. ಯೋಜನೆಗಳ ಆರಂಭದ ದಿನಗಳವು. ಸರ್ಕಾರ ನೋಟು ಮುದ್ರಿಸಿ ವೆಚ್ಚ ಮಾಡಿದರೆ ಕೇನ್ಸ್ ಹೇಳಿದಂತೆ ಉದ್ಯೋಗವೂ ಆದಾಯವೂ ಬೆಳೆಯುತ್ತವೆ ಎಂಬ ಆಸೆ ಹಲವರಲ್ಲಿತ್ತು. 1952ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ರಾವ್ ಅವರು ಅದು ಭಾರತದಂತಹ ದೇಶದಲ್ಲಿ ಏಕೆ ಫಲಿಸದು ಎಂಬುದನ್ನು ವಿವರಿಸಿದರು. ಬ್ರಿಟನ್ನಿನಲ್ಲಿ ಯಂತ್ರಗಳೂ ಕಾರ್ಮಿಕರೂ ಬರಿದೇ ಕುಳಿತಿದ್ದರು. ಬೇಡಿಕೆ ಬಂದೊಡನೆ ಉತ್ಪಾದನೆ ಏರುತ್ತಿತ್ತು. ಇಲ್ಲಿಯಾದರೋ ನಿರುದ್ಯೋಗ ಕಣ್ಣಿಗೆ ಕಾಣದು. ಇಬ್ಬರು ಮಾಡಬಹುದಾದ ಹೊಲದ ಕೆಲಸವನ್ನು ಮನೆಮಂದಿ ಐವರು ಹಂಚಿಕೊಂಡಿರುತ್ತಾರೆ. ಬೇಡಿಕೆ ಬಂದ ಮಾತ್ರಕ್ಕೆ ಮಳೆ ಬಾರದು, ಹೊಲ ಹಿಗ್ಗದು. ಕೈಗೆ ಹಣ ಬಂದ ರೈತ ಕುಟುಂಬ ಮೊದಲು ತಾನೇ ಹೊಟ್ಟೆ ತುಂಬ ಉಣ್ಣುತ್ತದೆ. ಸಂತೆಗೆ ಬರುವ ಧಾನ್ಯ ಇನ್ನೂ ತಗ್ಗುತ್ತದೆ. ಕೊನೆಗೆ ಬೆಳೆಯುವುದು ಉತ್ಪಾದನೆಯಲ್ಲ, ಬೆಲೆ. ಆದ್ದರಿಂದ ದುಡಿಮೆ, ಉಳಿತಾಯಗಳ ಹಳೆಯ ಹಾದಿಯೇ ಬಡ ದೇಶಕ್ಕೆ ಹೆಚ್ಚು ಯೋಗ್ಯವೆಂಬುದು ಅವರ ತೀರ್ಮಾನವಾಗಿತ್ತು.

ಗುರುವಿನ ಮೇಲೆ ಗೌರವವಿಟ್ಟುಕೊಂಡೇ ಗುರುವಿನ ಮಾತು ತನ್ನ ಊರಿಗೆ ಒಪ್ಪುತ್ತದೆಯೇ ಎಂದು ನೋಡುವ ಧೈರ್ಯ ಎಲ್ಲ ಶಿಷ್ಯರಿಗೂ ಬರುವುದಿಲ್ಲ. ಕೇಂಬ್ರಿಜ್‌ನ ಬುನಾದಿ ಗಟ್ಟಿಯಾಗಿದ್ದುದರಿಂದಲೇ ರಾವ್ ಅವರಿಗೆ ಇದು ಸಾಧ್ಯವಾಯಿತು. ಕೇಳಿದ್ದನ್ನು ಒಪ್ಪಿಸುವುದಕ್ಕಲ್ಲ, ಒರೆಗೆ ಹಚ್ಚುವುದಕ್ಕೆ ಆ ಪದವಿ ಅವರಿಗೆ ನೆರವಾಯಿತು.

ವಿಶ್ವಸಂಸ್ಥೆಯಲ್ಲಿಯೂ ಅವರ ಸೇವೆ ಸ್ಮರಣೀಯ. ಆರ್ಥಿಕ ಅಭಿವೃದ್ಧಿಯ ಉಪ ಆಯೋಗದ ಅಧ್ಯಕ್ಷರಾಗಿ 1949ರಲ್ಲಿ ಅವರು ಬಡ ದೇಶಗಳಿಗೆ ಸುಲಭ ನಿಬಂಧನೆಗಳ ಮೇಲೆ ಹಣ ಒದಗಿಸುವ ಸಂಸ್ಥೆಯೊಂದು ವಿಶ್ವಸಂಸ್ಥೆಯ ಆಶ್ರಯದಲ್ಲಿ ಏರ್ಪಡಬೇಕೆಂದು ಪ್ರತಿಪಾದಿಸಿದರು. ಸಿರಿವಂತ ರಾಷ್ಟ್ರಗಳ ವಿರೋಧದಿಂದ ಅವರ ಯೋಜನೆ ಅದೇ ರೂಪದಲ್ಲಿ ಈಡೇರಲಿಲ್ಲ. ಆದರೂ ಆ ಚರ್ಚೆ ನಿಲ್ಲದೆ ಮುಂದುವರಿದು, 1960ರಲ್ಲಿ ವಿಶ್ವ ಬ್ಯಾಂಕಿನ ಅಂಗವಾಗಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಂಘ ಅಸ್ತಿತ್ವಕ್ಕೆ ಬಂದಿತು.

1957ರಿಂದ 1960ರವರೆಗೆ ರಾವ್ ಅವರು ದೆಹಲಿ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 1958ರಲ್ಲಿ ಅವರ ಎರಡನೆಯ ಸಂಸ್ಥೆಯಾದ ಇನ್‌ಸ್ಟಿಟ್ಯೂಟ್ ಆಫ್ ಎಕನಾಮಿಕ್ ಗ್ರೋತ್ ದೆಹಲಿಯಲ್ಲಿ ಆರಂಭವಾಯಿತು. ಮೈಸೂರಿನವರಾದ ಪ್ರಖ್ಯಾತ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1959ರಲ್ಲಿ ದೆಹಲಿಗೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದ್ದೂ ಇದೇ ಅವಧಿಯಲ್ಲಿ. ಲೆಕ್ಕದ ಅಂಕಿಗಳ ಹಿಂದೆ ಜಾತಿ, ಕುಟುಂಬ, ಹಳ್ಳಿಗಳ ಬದುಕಿದೆ. ಅದನ್ನು ತಿಳಿಯದ ಅರ್ಥಶಾಸ್ತ್ರ ಅಪೂರ್ಣ ಎಂಬ ಅರಿವು ರಾವ್ ಅವರಿಗಿತ್ತು.

ಯೋಜನಾ ಆಯೋಗದ ಸದಸ್ಯತ್ವದ ಬಳಿಕ ಅವರು ರಾಜಕೀಯ ಪ್ರವೇಶಿಸಿದರು. 1967ರಲ್ಲಿ ಬಳ್ಳಾರಿ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ಕೇಂದ್ರದಲ್ಲಿ ಸಾರಿಗೆ ಮತ್ತು ನೌಕಾಯಾನ ಸಚಿವರಾಗಿ, ಅನಂತರ ಶಿಕ್ಷಣ ಸಚಿವರಾಗಿ ಕಾರ್ಯ ನಿರ್ವಹಿಸಿದರು. ನಮ್ಮ ಮನೆಗಳ ಎಷ್ಟೋ ತರುಣರು ಭಾಗವಹಿಸಿರುವ ರಾಷ್ಟ್ರೀಯ ಸೇವಾ ಯೋಜನೆಯನ್ನು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭಿಸಿದವರು ಶಿಕ್ಷಣ ಸಚಿವರಾಗಿದ್ದ ರಾವ್ ಅವರೇ. ಪುಸ್ತಕದ ಬದನೆಕಾಯಿ ಸಾಲದು, ವಿದ್ಯಾರ್ಥಿ ಹಳ್ಳಿಯನ್ನು ಕಣ್ಣಾರೆ ಕಾಣಬೇಕು ಎಂಬ ನಿಲುವೇ ಇದರ ಹಿಂದೆಯೂ ಇದ್ದಿತು.

ಅಧಿಕಾರದಿಂದ ಇಳಿದ ಮೇಲೆ ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರು ಬೆಂಗಳೂರಿಗೆ ಬಂದರು. 1972ರಲ್ಲಿ ಇನ್‌ಸ್ಟಿಟ್ಯೂಟ್ ಫಾರ್ ಸೋಷಿಯಲ್ ಅಂಡ್ ಎಕನಾಮಿಕ್ ಚೇಂಜ್ ಎಂಬ ತಮ್ಮ ಮೂರನೆಯ ಸಂಸ್ಥೆಯನ್ನು ಸ್ಥಾಪಿಸಿದರು. ದೆಹಲಿಯಿಂದ ಶ್ರೀನಿವಾಸ್ ಅವರೂ ಬಂದು ಜೊತೆಗೂಡಿದರು. ನಾಗರಭಾವಿಯಲ್ಲಿರುವ ಈ ಸಂಸ್ಥೆ ಇಂದಿಗೂ ಸಂಶೋಧನೆಯಲ್ಲಿ ನಿರತವಾಗಿದೆ. 1974ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಅವರನ್ನು ಅರಸಿ ಬಂದಿತು. 1991ರ ಜುಲೈ 25ರಂದು ಅವರು ನಿಧನರಾದರು.

ಕಟ್ಟುವ ಕಾರ್ಯಕ್ಕೆ ಅವರು ಬೆಲೆಯನ್ನೂ ತೆತ್ತರು. ಸಮಿತಿ, ಕಟ್ಟಡ, ನೇಮಕಾತಿ, ಅನುದಾನಗಳಿಗೆ ಮೀಸಲಾದ ವರ್ಷಗಳು ಅವರ ಸ್ವಂತ ಸಂಶೋಧನೆಗೆ ದೊರೆತಿದ್ದರೆ, ಆ ಕ್ಷೇತ್ರದಲ್ಲಿ ಅವರ ಹೆಸರು ಇನ್ನೂ ಎತ್ತರದಲ್ಲಿರುತ್ತಿತ್ತೇನೋ. ಆದರೆ ಆಗ ಅವರ ನಂತರದ ಪೀಳಿಗೆಯ ಮಕ್ಕಳಿಗೆ ಇಂತಹ ವಿದ್ಯಾಲಯಗಳು ಇಷ್ಟು ಬೇಗ ದೊರೆಯುತ್ತಿದ್ದವೇ ಎಂಬುದನ್ನೂ ನಾವು ಯೋಚಿಸಬೇಕು.

ಕಾಂಚೀಪುರ, ಮುಂಬಯಿ, ಕೇಂಬ್ರಿಜ್, ಅಹಮದಾಬಾದ್, ದೆಹಲಿ, ಬಳ್ಳಾರಿ, ಬೆಂಗಳೂರು: ಊರೂರು ಸುತ್ತಿದ ಈ ಬದುಕು ಹೊರನಾಡಿನಲ್ಲಿ ನೆಲೆನಿಂತ ನಮಗೆ ಅಪರಿಚಿತವಲ್ಲ. ಅರ್ಥಶಾಸ್ತ್ರದ ಆನರ್ಸ್ ತರಗತಿಗೆ ಸೇರುವ ನಮ್ಮ ಮಕ್ಕಳಿಗೆ ಹೆತ್ತವರು ಮುಂದಿನ ಸಂಬಳದ ಮಾತನ್ನು ಆಡಿಯೇ ಆಡುತ್ತಾರೆ, ಅದು ಸಹಜ. ಅದರ ಜೊತೆಗೆ, ತಿಂಗಳಿಗೆ ಐದು ರೂಪಾಯಿಯ ಬಾಳುವೆಯನ್ನು ಲೆಕ್ಕಕ್ಕೆ ತಂದ ವಿದ್ಯಾರ್ಥಿಯೊಬ್ಬರ ಕಥೆಯನ್ನೂ ಹೇಳಲಿ ಎಂಬುದು ನಮ್ಮ ಆಶಯ. ಡಾ. ರಾವ್ ಅವರ ನೆನಪಿಗೆ ನಮ್ಮ ಗೌರವಪೂರ್ವಕ ನಮನಗಳು.